ಮಕ್ಕಳ ರಕ್ಷಣೆಯ ಕಾನೂನು (ಭಾರತ)

ಮಕ್ಕಳನ್ನು ದೌರ್ಜನ್ಯ, ನಿರ್ಲಕ್ಷ್ಯಗಳಿಂದ ಕಾಯುವ ಮುಖ್ಯ ಕಾನೂನುಗಳು 2012ರ ಪೋಕ್ಸೊ (ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆ) ಕಾಯ್ದೆ ಮತ್ತು 2015ರ ಬಾಲನ್ಯಾಯ ಕಾಯ್ದೆ. ಇವುಗಳ ಬಲ ಶಿಕ್ಷೆಯಲ್ಲಿದೆ ಎಂಬುದು ಸಾಮಾನ್ಯ ನಂಬಿಕೆ. ನಿಜಕ್ಕೂ ಅದು ಇರುವುದು, ಬಾಯಿಬಿಡುವ ಹೊರೆಯನ್ನು ಮಗುವಿನಿಂದ ದೊಡ್ಡವರ ಹೆಗಲಿಗೆ ದಾಟಿಸಿದ್ದರಲ್ಲಿ. ಪೋಕ್ಸೊದ 19ನೇ ಕಲಂ ಪ್ರಕಾರ ಲೈಂಗಿಕ ಅಪರಾಧದ ಸುಳಿವಿರುವ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಆರು ತಿಂಗಳವರೆಗೆ ಸೆರೆ. ಸುಮ್ಮನಿದ್ದ ಮಗುವಿಗೆ ಮಾತ್ರ ಶಿಕ್ಷೆಯಿಲ್ಲ. ಹೇಳಿಕೆ ಪಡೆಯುವ ಅಧಿಕಾರಿ ಸಮವಸ್ತ್ರ ತೊಡುವಂತಿಲ್ಲ. ಮಗುವಿನ ಮನೆಯಲ್ಲೋ ಅದು ಬಯಸಿದ ಜಾಗದಲ್ಲೋ ಕೂತು ಬರೆದುಕೊಳ್ಳಬೇಕು. ನ್ಯಾಯಾಲಯದಲ್ಲಿ ವಕೀಲರ ಪ್ರಶ್ನೆಯೂ ನೇರವಾಗಿ ಎರಗದೆ ನ್ಯಾಯಾಧೀಶರ ಬಾಯಿಂದಲೇ ಬರುತ್ತದೆ.

ಕಡ್ಡಾಯ ವರದಿಗೆ ಅಂಜಿ ಹದಿಹರೆಯದವರು ವೈದ್ಯರ ಬಳಿಗೇ ಸುಳಿಯುವುದಿಲ್ಲ ಎಂಬ ಆಕ್ಷೇಪ ಹುರುಳಿಲ್ಲದ್ದಲ್ಲ. ಸಮ್ಮತಿಯ ಸಂಬಂಧದಿಂದ ಗರ್ಭಿಣಿಯಾದ ಅಪ್ರಾಪ್ತೆ ಗರ್ಭಪಾತಕ್ಕೆ ಬಂದು ಕೋರಿಕೊಂಡರೆ ವೈದ್ಯರು ಆಕೆಯ ಗುರುತು ತಿಳಿಸಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. ತಿದ್ದಬೇಕಾದದ್ದು ವರದಿಯ ರೀತಿಯನ್ನು, ಕರ್ತವ್ಯವನ್ನಲ್ಲ. ನಿರ್ಲಕ್ಷ್ಯದ ಮಾತು ಇನ್ನೂ ತೊಡಕಿನದು, ಬಡತನವೂ ಹೊರಗಿನ ಕಣ್ಣಿಗೆ ಹಾಗೆಯೇ ಕಾಣುತ್ತದಲ್ಲ! ಅದಕ್ಕೇ ಬಾಲನ್ಯಾಯ ಕಾಯ್ದೆಯ 75ನೇ ಕಲಂ, ಕೈಮೀರಿದ ಪರಿಸ್ಥಿತಿಯಲ್ಲಿ ಮಗುವನ್ನು ತೊರೆದ ಹೆತ್ತವರನ್ನು ಬೇಕೆಂದೇ ತೊರೆದವರೆಂದು ಎಣಿಸುವುದಿಲ್ಲ. ಮಕ್ಕಳ ಸಹಾಯವಾಣಿಯ ಸಂಖ್ಯೆ 1098; ಕರೆ ಉಚಿತ.