ಸ್ಥಳೀಯ ದಾಖಲೆಗಳಲ್ಲಿ ವ್ಯಕ್ತಿಶೋಧ: ಕರ್ನಾಟಕ

ಒಬ್ಬ ವ್ಯಕ್ತಿಯ ಹುಟ್ಟು, ಸಾವು, ವಾಸ, ಆಸ್ತಿ, ಬಂಧುತ್ವ ಮೊದಲಾದ ವಿವರಗಳನ್ನು ಗ್ರಾಮ, ತಾಲ್ಲೂಕು, ಜಿಲ್ಲಾ ಮಟ್ಟದ ಸಾರ್ವಜನಿಕ ದಾಖಲೆಗಳಿಂದ ಹುಡುಕಿ ತೆಗೆಯುವ ಕ್ರಮ. ಪಿತ್ರಾರ್ಜಿತ ಜಮೀನಿನ ಪಾಲು, ಪೌತಿ ಖಾತೆ, ಜಾತಿ ಪ್ರಮಾಣಪತ್ರ, ಪಾಸ್‌ಪೋರ್ಟ್, ಮನೆತನದ ಚರಿತ್ರೆ ಹೀಗೆ ಹುಡುಕಾಟಕ್ಕೆ ಕಾರಣಗಳು ಹಲವು. ಕರ್ನಾಟಕದಲ್ಲಿ ಇಂಥ ದಾಖಲೆಗಳಲ್ಲಿ ಹೆಚ್ಚಿನವು ಕಂದಾಯ ವಸೂಲಿಗಾಗಿ ಹುಟ್ಟಿದವು. ಆದ್ದರಿಂದ ಅವುಗಳಲ್ಲಿ ಮೊದಲು ಕಣ್ಣಿಗೆ ಬೀಳುವವನು ಭೂಮಿಯ ಒಡೆಯ. ಗೇಣಿದಾರರು, ಕೂಲಿಯವರು, ಹೆಣ್ಣುಮಕ್ಕಳು ತೀರಾ ತಡವಾಗಿ, ಒಂದೊಂದು ಕಾನೂನು ಬಂದ ಹಾಗೆ ಪುಟಕ್ಕೆ ಇಳಿದರು. ಅವರು ಹೇಗೆ ಇಳಿದರು ಎಂಬುದೇ ಈ ಶೋಧದ ಇತಿಹಾಸದ ಮುಖ್ಯ ಭಾಗ.

ಹೆಸರು ಹಿಡಿದು ಸಾಮಾನ್ಯರನ್ನು ಹುಡುಕಬಹುದಾದ ಅತ್ಯಂತ ಹಳೆಯ ಆಕರ ಶಿಲಾಶಾಸನ. ವೀರಗಲ್ಲುಗಳು ತುರುಗಾಳಗದಲ್ಲೋ ಊರಳಿವಿನಲ್ಲೋ ಮಡಿದವನ ಹೆಸರು, ಊರು, ಕೆಲವೊಮ್ಮೆ ತಂದೆಯ ಹೆಸರನ್ನೂ ಹೇಳುತ್ತವೆ. ಬೆಂಗಳೂರಿನ ಬೇಗೂರಿನಲ್ಲಿರುವ ಒಂಬತ್ತನೆಯ ಶತಮಾನದ ಶಾಸನ ಗಂಗರ ಅಧಿಕಾರಿ ನಾಗತ್ತರನ ಕಡೆಯವನೊಬ್ಬ ಬೆಂಗಳೂರು ಕಾಳಗದಲ್ಲಿ ಸತ್ತದ್ದನ್ನು ದಾಖಲಿಸಿದೆ. 1057ರ ಬೆಳತೂರು ಶಾಸನ ಗಂಡನ ಹಿಂದೆ ಚಿತೆಯೇರಿದ ದೇಕಬ್ಬೆಯ ಹೆಸರನ್ನು ಉಳಿಸಿದೆ. ಗಂಡಸು ಕಾದಿ ಸತ್ತು, ಹೆಂಗಸು ಗಂಡನೊಡನೆ ಸುಟ್ಟುಕೊಂಡು ಕಲ್ಲಿನ ಮೇಲೆ ಹೆಸರು ಪಡೆದ ಕಾಲ ಅದು. ದಾನ ಕೊಟ್ಟ ಅರಸಿಯರು, ಶ್ರಾವಕಿಯರು ಇದಕ್ಕೆ ಹೊರತು. ಬಿ. ಎಲ್. ರೈಸ್ ಅವರು 1886ರಲ್ಲಿ ಕೊಡಗಿನ ಸಂಪುಟದಿಂದ ಆರಂಭಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿತು. ತನ್ನ ಊರಿನ ಹಳೆಯ ಹೆಸರುಗಳನ್ನು ಹುಡುಕುವವರಿಗೆ ಇಂದಿಗೂ ಮೊದಲ ಬಾಗಿಲು ಅದೇ.

ಊರಿನ ನಿತ್ಯದ ದಾಖಲೆ ಇದ್ದದ್ದು ಲೆಕ್ಕ ಬರೆಯುವವನ ಕೈಯಲ್ಲಿ. ಹಳೆಯ ಮೈಸೂರಿನಲ್ಲಿ ಅವನು ಶ್ಯಾನುಭೋಗ, ಮುಂಬಯಿ ಕರ್ನಾಟಕದಲ್ಲಿ ಕುಲಕರ್ಣಿ, ಬಳ್ಳಾರಿ ಸೀಮೆಯಲ್ಲಿ ಕರಣಂ. ಇದ್ದಿಲು ಪುಡಿ ಮತ್ತು ಹುಣಸೆಬೀಜದ ಸರಿ ಬಳಿದು ಒಣಗಿಸಿದ ಬಟ್ಟೆಯ ಕಡತಗಳ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಅಳಿಸಿ ಮತ್ತೆ ಬರೆಯಲು ಬರುತ್ತಿದ್ದುದರಿಂದ ಹಳೆಯ ಹೆಸರುಗಳು ಅದರ ಮೇಲೇ ಅಳಿದೂ ಹೋದವು. ಶೃಂಗೇರಿ ಮಠದಂಥ ಸಂಸ್ಥೆಗಳು ಕಡತಗಳನ್ನು ಜೋಪಾನ ಮಾಡಿದ್ದರಿಂದ ಮಠದ ಭೂಮಿಗೆ ಸಂಬಂಧಿಸಿದವರ ವಿವರ ಉಳಿದಿದೆ. ಸಾಮಾನ್ಯ ಊರಿನ ಶ್ಯಾನುಭೋಗನ ಕಡತ ಮನೆಯ ಅಟ್ಟ ಸೇರಿ ಅಲ್ಲೇ ಮುಗಿದದ್ದು ಹೆಚ್ಚು. ಹುದ್ದೆ ವಂಶಪಾರಂಪರ್ಯವಾಗಿದ್ದ ಕಾರಣ ಊರಿನ ದಾಖಲೆಯೂ ಒಂದು ಮನೆಯ ಸೊತ್ತಿನಂತಿತ್ತು. ತನ್ನ ತಾತನ ಹೆಸರು ಕೇಳಲು ಹೋದ ಬಡ ರೈತ ಆ ಮನೆಯ ಜಗಲಿಯ ಕೆಳಗೆ ನಿಂತು ಕೇಳಬೇಕಾಗುತ್ತಿತ್ತು. ದಾಖಲೆ ಸಾರ್ವಜನಿಕವಾಗುವುದೆಂದರೆ ಏನು ಎಂದು ತಿಳಿಯಲು ಈ ಹಿನ್ನೆಲೆಯನ್ನು ಮರೆಯಬಾರದು.

ಉತ್ತರ ಕರ್ನಾಟಕದಲ್ಲಿ ಇದಕ್ಕೆ ಸಮಾನಾಂತರವಾಗಿ ಇನ್ನೊಂದು ಪದ್ಧತಿ ಬೆಳೆಯಿತು. ಹೆಳವರು ಎತ್ತಿನ ಮೇಲೆ ಊರೂರು ತಿರುಗಿ ಒಕ್ಕಲು ಮನೆತನಗಳ ವಂಶಾವಳಿಯನ್ನು ಹೇಳುತ್ತ, ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಳ್ಳುತ್ತ, ಕಾಳುಕಡಿ, ಬಟ್ಟೆ ಪಡೆದು ಮುಂದಿನ ಊರಿಗೆ ಹೋಗುತ್ತಿದ್ದರು. ಸರ್ಕಾರದ ಕಣ್ಣಿಗೆ ಇದು ದಾಖಲೆಯಲ್ಲ. ಆದರೆ ಜಮೀನಿಲ್ಲದ, ಖಾತೆಯಿಲ್ಲದ ಕವಲುಗಳ ಹೆಸರು, ಮನೆತನ ಯಾವ ಊರಿನಿಂದ ವಲಸೆ ಬಂತು ಎಂಬ ನೆನಪು ಅನೇಕ ಸಲ ಹೆಳವರ ಹೊತ್ತಿಗೆಯಲ್ಲಿ ಮಾತ್ರ ಸಿಗುತ್ತದೆ.

1799ರ ನಂತರ ಕಾಲಿನ್ ಮೆಕೆಂಜಿ ನಡೆಸಿದ ಮೈಸೂರು ಸರ್ವೆಯ ಜೊತೆಗೆ ಊರುಗಳ ಚರಿತ್ರೆಯನ್ನು ಕೈಫಿಯತ್ತುಗಳಾಗಿ ಬರೆಸಿಕೊಳ್ಳಲಾಯಿತು. ಎಂ. ಎಂ. ಕಲಬುರ್ಗಿ ಅವರ ಸಂಪಾದನೆಯಲ್ಲಿ ಕನ್ನಡ ಕೈಫಿಯತ್ತುಗಳು ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಅಚ್ಚಾಗಿವೆ. ಪಾಳೆಯಗಾರರು, ಗೌಡರು, ಶ್ಯಾನುಭೋಗರು ಇವುಗಳಲ್ಲಿ ಧಾರಾಳವಾಗಿ ಬರುತ್ತಾರೆ. ಹೊಲ ಉತ್ತವರು ಬರುವುದು ಅಪರೂಪ.

ಗುರುತಿನ ಸಂಖ್ಯೆಯ ಮೂಲಕ ಹುಡುಕುವ ಕ್ರಮ ಬಂದದ್ದು ಬ್ರಿಟಿಷರ ಕಂದಾಯ ಸರ್ವೆಯಿಂದ. ವಿಂಗೇಟ್ ಮತ್ತು ಗೋಲ್ಡ್‌ಸ್ಮಿಡ್ ರೂಪಿಸಿದ ಮುಂಬಯಿ ಪದ್ಧತಿ ಧಾರವಾಡ ಸೀಮೆಗೆ ಬಂದು, 1863ರಿಂದ ಮೈಸೂರಿನಲ್ಲೂ ಆರಂಭವಾಯಿತು. ಪ್ರತಿ ಹೊಲಕ್ಕೂ ಸರ್ವೆ ನಂಬರು ಬಿತ್ತು. ಆ ನಂಬರಿಗೆ ಒಬ್ಬ ಖಾತೆದಾರನ ಹೆಸರು ಅಂಟಿತು. ಅಂದಿನಿಂದ ವ್ಯಕ್ತಿಯನ್ನು ಹುಡುಕುವವರು ಮೊದಲು ಕೇಳಬೇಕಾದ ಪ್ರಶ್ನೆ ‘ಹೆಸರೇನು’ ಎಂಬುದಲ್ಲ, ‘ಸರ್ವೆ ನಂಬರ್ ಎಷ್ಟು’ ಎಂಬುದು. ಟಿಪ್ಪಣಿ, ಆಕಾರ್‌ಬಂದ್, ಹಿಸ್ಸಾ ನಕ್ಷೆ, ಇಂಡೆಕ್ಸ್ ಆಫ್ ಲ್ಯಾಂಡ್ಸ್, ರೆಕಾರ್ಡ್ ಆಫ್ ರೈಟ್ಸ್, ಮ್ಯುಟೇಷನ್ ರಿಜಿಸ್ಟರ್ ಒಂದರಿಂದ ಇನ್ನೊಂದಕ್ಕೆ ದಾರಿ ತೋರಿಸುತ್ತವೆ. ಇವುಗಳಲ್ಲಿ ಮನೆತನದ ಕತೆ ಹೆಚ್ಚು ಸಿಗುವುದು ಮ್ಯುಟೇಷನ್‌ನಲ್ಲಿ. ಖಾತೆದಾರ ಯಾವಾಗ ತೀರಿಕೊಂಡ, ವಾರಸುದಾರರು ಯಾರು, ಅಣ್ಣತಮ್ಮಂದಿರು ಹೇಗೆ ಪಾಲಾದರು, ಯಾರು ತಕರಾರು ಹೂಡಿದರು ಎಂಬುದೆಲ್ಲ ಒಂದೊಂದು ಎಂ.ಆರ್. ನಂಬರಿನ ಕೆಳಗೆ ಇರುತ್ತದೆ.

ಈ ಸರ್ವೆ ನಡೆಯುತ್ತಿದ್ದಾಗಲೇ ಮೈಸೂರು ಸಂಸ್ಥಾನವನ್ನು 1876–78ರ ಬರಗಾಲ ಬಡಿಯಿತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಹೋದವರು ಎಷ್ಟು ಎಂದು ಜನಗಣತಿಯಿಂದ ಲೆಕ್ಕ ಹಾಕಬಹುದು, ಯಾರು ಎಂದು ತಿಳಿಯದು. ಖಾತೆಯಿದ್ದ ರೈತ ಸತ್ತರೆ ಹೊಲ ಪಡ ಬಿದ್ದದ್ದೋ ಖಾತೆ ಬದಲಾದದ್ದೋ ಗುರುತಾಗಿ ಉಳಿಯುತ್ತದೆ. ಗಂಜಿ ಕೇಂದ್ರದ ದಾರಿಯಲ್ಲಿ ಸತ್ತ ಕೂಲಿಯವಳಿಗೆ ಆ ಗುರುತೂ ಇಲ್ಲ. ತಮ್ಮ ವಂಶವನ್ನು ಹಿಂದಕ್ಕೆ ಹಿಡಿದು ಹೋಗುವ ಎಷ್ಟೋ ಭೂಹೀನ ಕುಟುಂಬಗಳ ದಾರಿ ಈ ವರ್ಷಗಳ ಹತ್ತಿರ ಬಂದು ಕಡಿದುಹೋಗುತ್ತದೆ. ಸ್ವತಂತ್ರ ಭಾರತದ 1948ರ ಜನಗಣತಿ ಕಾಯಿದೆಯಂತೂ ಮನೆಮನೆಯ ಗಣತಿ ಹಾಳೆಗಳನ್ನು ಯಾರೂ ಪರಿಶೀಲಿಸುವಂತಿಲ್ಲ ಎಂದು ಮುಚ್ಚಿತು. ಬ್ರಿಟನ್ನಿನಲ್ಲಿ ನೂರು ವರ್ಷ ಕಳೆದ ಗಣತಿ ಹಾಳೆಗಳು ಜನರಿಗೆ ತೆರೆದುಕೊಳ್ಳುವಂತೆ ಇಲ್ಲಿ ಆಗಿಲ್ಲ.

1956ಕ್ಕೆ ಮೊದಲು ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದರ ಪರಿಣಾಮ ಶೋಧಕರನ್ನು ಇಂದಿಗೂ ಕಾಡುತ್ತದೆ. ಧಾರವಾಡ, ಬೆಳಗಾವಿಯ ಇನಾಂ ಕುಟುಂಬಗಳು 1852ರ ಕಾಯಿದೆಯ ಇನಾಂ ಕಮಿಷನ್ ಮುಂದೆ ತಮ್ಮ ಹಕ್ಕಿಗೆ ಪುರಾವೆ ಒಪ್ಪಿಸಬೇಕಾಗಿ ಬಂತು. ಆ ಕಾಗದಪತ್ರಗಳನ್ನು ಹುಡುಕಿಕೊಂಡು ಪುಣೆಯ ಅಭಿಲೇಖಾಗಾರಕ್ಕೆ ಹೋಗಬೇಕು, ಮೋಡಿ ಲಿಪಿ ಓದುವವರನ್ನು ಜೊತೆಗೆ ಕರೆದೊಯ್ಯಬೇಕು. ಬೀದರ್, ಕಲಬುರಗಿ, ರಾಯಚೂರಿನ ನಿಜಾಮರ ಕಾಲದ ದಾಖಲೆಗಳು ಉರ್ದುವಿನಲ್ಲಿವೆ. ಅಲ್ಲಿ ಹೊಲವಾರು ಒಡೆತನ, ಸಾಗುವಳಿ ಬರೆದ 1954–55ರ ಖಾಸ್ರಾ ಪಹಣಿಯೇ ಮುಖ್ಯ ಆಧಾರ. ಮದರಾಸು ಪ್ರಾಂತದಲ್ಲಿದ್ದ ದಕ್ಷಿಣ ಕನ್ನಡದಲ್ಲಿ ಅಡಂಗಲ್, ವರ್ಗ, ಮೂಲಗೇಣಿ, ಚಾಲಗೇಣಿ ಎಂಬ ಬೇರೆಯದೇ ಪರಿಭಾಷೆ. ಅಳಿಯಸಂತಾನದ ಮನೆಗಳಲ್ಲಿ ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತಿದ್ದುದರಿಂದ ತಂದೆಯ ಹೆಸರನ್ನು ಹಿಡಿದು ಹೋದವರಿಗೆ ದಾರಿ ತಪ್ಪುತ್ತದೆ, ತಾಯಿಯ ತವರನ್ನು ಹಿಡಿಯಬೇಕು. ಕೊಡಗಿನ ಜಮ್ಮಾ ಭೂಮಿಯಲ್ಲಿ ಪಟ್ಟೆದಾರನ ಹೆಸರು ಇಡೀ ಒಕ್ಕದ, ಅಂದರೆ ಮನೆತನದ, ಪರವಾಗಿ ನಿಲ್ಲುತ್ತದೆ. ಕರಾವಳಿಯ ಕ್ರೈಸ್ತ ಕುಟುಂಬಗಳಿಗೆ ಚರ್ಚುಗಳ ಜ್ಞಾನಸ್ನಾನ, ಮದುವೆ, ಸಮಾಧಿಯ ವಹಿಗಳು ದೊಡ್ಡ ಆಸರೆ. ಬಾಸೆಲ್ ಮಿಷನ್ ಸಭೆಗಳಿಗೆ ಸೇರಿದವರು ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಸಂಗ್ರಹವನ್ನೂ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸಂಗ್ರಹವನ್ನೂ ನೋಡಬಹುದು.

ದಾಖಲೆಯನ್ನು ಯಾರು ನೋಡಬಹುದು ಎಂಬ ಪ್ರಶ್ನೆಗೆ ಸ್ಪಷ್ಟ ಉತ್ತರ ಕೊಟ್ಟ ಕಾನೂನುಗಳಲ್ಲಿ 1908ರ ನೋಂದಣಿ ಕಾಯಿದೆ ಮುಖ್ಯವಾದುದು. ಸಬ್‌ರಿಜಿಸ್ಟ್ರಾರ್ ಕಚೇರಿಯ 1ನೆಯ ಪುಸ್ತಕದಲ್ಲಿ ಕ್ರಯ, ಅಡಮಾನ, ದಾನ, ವಿಭಾಗದಂಥ ಸ್ಥಿರಾಸ್ತಿ ಪತ್ರಗಳಿರುತ್ತವೆ. ಶುಲ್ಕ ಕಟ್ಟಿದ ಯಾರಾದರೂ ಅದನ್ನೂ ಅದರ ಸೂಚಿಯನ್ನೂ ನೋಡಬಹುದು. 3ನೆಯ ಪುಸ್ತಕ ಉಯಿಲುಗಳದು. ಬರೆದವರು ಬದುಕಿರುವವರೆಗೆ ಅದರ ನಕಲು ಅವರಿಗೋ ಅವರ ಪ್ರತಿನಿಧಿಗೋ ಮಾತ್ರ. ತೀರಿಕೊಂಡ ಮೇಲೆ ಯಾರು ಬೇಕಾದರೂ ಕೇಳಬಹುದು. ಇತರ ಪತ್ರಗಳ 4ನೆಯ ಪುಸ್ತಕದ ನಕಲು ಆ ಪತ್ರಕ್ಕೆ ಸಂಬಂಧಪಟ್ಟವರಿಗಷ್ಟೇ ಸಿಗುತ್ತದೆ. ಬದುಕಿರುವವರ ಮನಸ್ಸಿನ ಗುಟ್ಟು ಮತ್ತು ಸಮಾಜ ತಿಳಿಯಬೇಕಾದ ವ್ಯವಹಾರ ಇವೆರಡನ್ನೂ ಇಷ್ಟು ವಿವೇಕದಿಂದ ಬೇರ್ಪಡಿಸಿದ ಕಾನೂನು ಮುಂದೆಯೂ ಹೆಚ್ಚಾಗಿ ಬರಲಿಲ್ಲ. ಇಂದು ಜಮೀನು ಕೊಳ್ಳುವವರೆಲ್ಲ ತೆಗೆಸುವ ಇ.ಸಿ., ಅಂದರೆ ಋಣಭಾರ ಪ್ರಮಾಣಪತ್ರ, ಈ ಸೂಚಿಗಳಿಂದಲೇ ತಯಾರಾಗುತ್ತದೆ.

ಮುಂಬಯಿ ಪ್ರಾಂತದಲ್ಲಿ 1950ರ ಕಾಯಿದೆಯಿಂದ ಕುಲಕರ್ಣಿ ವತನ ರದ್ದಾಗಿ ತಲಾಠಿಗಳು ಬಂದರು. ರಾಜ್ಯದ ಉಳಿದ ಗ್ರಾಮಾಧಿಕಾರಗಳನ್ನು ರದ್ದು ಮಾಡಿದ 1961ರ ಕಾಯಿದೆ 1963ರ ಫೆಬ್ರವರಿಯಲ್ಲಿ ಜಾರಿಯಾಯಿತು. ಶ್ಯಾನುಭೋಗನ ಜಾಗಕ್ಕೆ ಸಂಬಳದ ಗ್ರಾಮ ಲೆಕ್ಕಿಗ ಬಂದ. ಆಗ ತೋಟಿ, ತಳವಾರ, ನೀರಗಂಟಿಗಳ ಇನಾಂ ಜಮೀನುಗಳನ್ನು ಅವರಿಗೇ ಮರುಮಂಜೂರು ಮಾಡುವ ವಿಚಾರಣೆಗಳು ನಡೆದವು. ದಲಿತ ಕುಟುಂಬಗಳ ಹಿರಿಯರ ಹೆಸರು ಹುಡುಕುವವರಿಗೆ ಈ ಮರುಮಂಜೂರಾತಿ ಕಡತಗಳೂ ದರಖಾಸ್ತು ರಿಜಿಸ್ಟರು, ಸಾಗುವಳಿ ಚೀಟಿಗಳೂ ಬೆಲೆಬಾಳುವ ಆಕರಗಳು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಿನ ಪರಭಾರೆಯನ್ನು ನಿಷೇಧಿಸಿದ 1978ರ ಕಾಯಿದೆಯಡಿ ಭೂಮಿ ಮರಳಿ ಪಡೆಯಲು ಇದೇ ಕಾಗದಗಳು ಬೇಕು.

ಗೇಣಿದಾರರು ದೊಡ್ಡ ಸಂಖ್ಯೆಯಲ್ಲಿ ಬೆಳಕಿಗೆ ಬಂದದ್ದು ಮುಖ್ಯಮಂತ್ರಿ ದೇವರಾಜ ಅರಸರ ಕಾಲದ ಭೂಸುಧಾರಣೆಯಲ್ಲಿ. ಪಹಣಿಯ 9ನೆಯ ಕಾಲಂ ಒಡೆಯನದು, 12ನೆಯದು ಸಾಗುವಳಿದಾರನದು. ಉಳುವವನ ಹೆಸರು 12ನೆಯ ಕಾಲಂಗೆ ಬರದಂತೆ ನೋಡಿಕೊಳ್ಳುವುದೇ ಎಷ್ಟೋ ಊರುಗಳಲ್ಲಿ ಒಡೆಯರ ಜಾಣತನವಾಗಿತ್ತು. 1974ರ ಮಾರ್ಚ್ 1ರಂದು ಜಾರಿಯಾದ ತಿದ್ದುಪಡಿ ಗೇಣಿದಾರರಿಗೆ ಫಾರಂ 7ರಲ್ಲಿ ಡಿಕ್ಲರೇಷನ್ ಕೊಡಲು ಅವಕಾಶ ಮಾಡಿತು. ಎಂಟು ಲಕ್ಷಕ್ಕೂ ಮಿಕ್ಕಿ ಅರ್ಜಿಗಳು ಭೂನ್ಯಾಯಮಂಡಳಿಗಳ ಮುಂದೆ ಬಂದವು. ಯಾವ ಹೊಲ, ಎಂದಿನಿಂದ ಗೇಣಿ, ಎಷ್ಟು ಅಳತೆ, ಸಾಕ್ಷಿ ಹೇಳಿದ ನೆರೆಯವರು ಯಾರು ಎಂಬ ವಿವರ ಆ ಕಡತಗಳಲ್ಲಿದೆ. ಕರ್ನಾಟಕದ ಬಡ ರೈತರ ಬದುಕು ಅವರ ಮಾತಿನಲ್ಲೇ ಸರ್ಕಾರಿ ಕಾಗದಕ್ಕೆ ಇಳಿದ ದೊಡ್ಡ ಸಂದರ್ಭ ಇದು. ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮಿನಲ್ಲಿರುವ ಈ ಕಟ್ಟುಗಳನ್ನು ಗೆದ್ದಲಿಗೆ ಬಿಡುವುದು ಅಕ್ಷಮ್ಯ.

ಹುಟ್ಟುಸಾವಿನ ನೋಂದಣಿ ಎಲ್ಲರಿಗೂ ಕಡ್ಡಾಯವಾದದ್ದು 1969ರ ಕೇಂದ್ರ ಕಾಯಿದೆಯಿಂದ. ಅದಕ್ಕೆ ಮೊದಲು ಪಟೇಲ, ಶ್ಯಾನುಭೋಗರು ಬರೆದಿಟ್ಟ ವಹಿಗಳಿದ್ದರೂ ಬಿಟ್ಟುಹೋದ ಹೆಸರುಗಳು ಬಹಳ. ಮಗುವಿಗೆ ಹೆಸರಿಡುವ ಮೊದಲೇ ನೋಂದಣಿಯಾಗುವುದರಿಂದ ಹಳೆಯ ವಹಿಯಲ್ಲಿ ‘ಇಂಥವರಿಗೆ ಹೆಣ್ಣು ಮಗು’ ಎಂದಷ್ಟೇ ಇರುವುದುಂಟು. ತಾಯಿತಂದೆಯರ ಹೆಸರು ಮತ್ತು ತಾರೀಖು ಹಿಡಿದು ಹುಡುಕಬೇಕು. ಯಾರು ಬೇಕಾದರೂ ಶುಲ್ಕ ಕೊಟ್ಟು ವಹಿ ಹುಡುಕಿಸಿ ನಕಲು ಪಡೆಯಲು ಈ ಕಾಯಿದೆ ಅನುವು ಮಾಡುತ್ತದೆ, ಆದರೆ ಮರಣದ ನಕಲಿನಲ್ಲಿ ಸಾವಿನ ಕಾರಣವನ್ನು ಕಾಣಿಸುವಂತಿಲ್ಲ. ವಹಿಯೇ ಇಲ್ಲದವರಿಗೆ ಶಾಲಾ ದಾಖಲಾತಿ ಪುಸ್ತಕ ಆಧಾರ. ಅಲ್ಲಿ ಮೇಷ್ಟರು ಅಂದಾಜಿನಲ್ಲಿ ಬರೆದ ಜೂನ್ 1 ಒಂದಿಡೀ ತಲೆಮಾರಿನ ಜನ್ಮದಿನವಾಗಿದೆ.

ಹೆಣ್ಣುಮಕ್ಕಳ ಹೆಸರಿನ ಕತೆ ಇನ್ನೂ ದೀರ್ಘ. ಮೊದಲ ಮಹಾಚುನಾವಣೆಯ ಹೊತ್ತಿಗೆ ದೇಶದಲ್ಲಿ ಸುಮಾರು 28 ಲಕ್ಷ ಮಹಿಳೆಯರು ‘ಇಂಥವರ ಹೆಂಡತಿ’, ‘ಇಂಥವರ ತಾಯಿ’ ಎಂದಷ್ಟೇ ಹೇಳಿ ಸ್ವಂತ ಹೆಸರು ಕೊಡದ ಕಾರಣ ಮತದಾರರ ಪಟ್ಟಿಯಿಂದ ಹೊರಗುಳಿದರು. ಅವರಲ್ಲಿ ಹೆಚ್ಚಿನವರು ಉತ್ತರದ ರಾಜ್ಯಗಳವರು. ಕರ್ನಾಟಕದ ಪಹಣಿಗಳಲ್ಲೂ ಹೆಂಡತಿ ಎಂಬರ್ಥದ ‘ಕೋಂ’ ಎಂಬ ಪದದ ಆಸರೆಯಿಂದ, ಗಂಡನ ಹೆಸರಿನೊಡನೆ, ಬಹುಪಾಲು ವಿಧವೆಯರಾಗಿ ಹೆಂಗಸರು ಕಾಣಿಸಿಕೊಳ್ಳುತ್ತಾರೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟ 1994ರ ರಾಜ್ಯ ತಿದ್ದುಪಡಿ ಮತ್ತು 2005ರ ಕೇಂದ್ರ ತಿದ್ದುಪಡಿಯ ನಂತರ ವಂಶವೃಕ್ಷದಲ್ಲಿ ಮಗಳ ಹೆಸರು ಬಿಡುವುದು ಮೊಕದ್ದಮೆಗೆ ದಾರಿಯಾಯಿತು. ಕೊಟ್ಟ ಮನೆ ಸೇರಿದ ಮೇಲೆ ತವರಿನ ಕಾಗದದಿಂದ ಮರೆಯಾಗುತ್ತಿದ್ದ ಅಕ್ಕತಂಗಿಯರು ಈಗ ನಾಡಕಚೇರಿಯ ಅರ್ಜಿಯಲ್ಲಿ ಹಿಂದಿರುಗಿ ಬರುತ್ತಿದ್ದಾರೆ.

2000ದ ಸುಮಾರಿಗೆ ಬಂದ ‘ಭೂಮಿ’ ಯೋಜನೆ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ತಾಲ್ಲೂಕು ಕೇಂದ್ರದಲ್ಲಿ 15 ರೂಪಾಯಿಗೆ ಪಹಣಿ ಸಿಗತೊಡಗಿ, ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಬಳಿಕ ನೋಂದಣಿಗೆ ‘ಕಾವೇರಿ’, ಪಂಚಾಯಿತಿ ಆಸ್ತಿಗೆ ‘ಇ–ಸ್ವತ್ತು’, ಜನನ ಮರಣಕ್ಕೆ ‘ಇ–ಜನ್ಮ’ ಬಂದವು. ಲೆಕ್ಕಿಗನ ಮರ್ಜಿ ಕಾಯುವುದು ತಪ್ಪಿದ್ದು ನಿಜವಾದ ಬಿಡುಗಡೆ. ಬೆಂಗಳೂರಿನ ಸುತ್ತಲಿನ ಹಳ್ಳಿಗಳಲ್ಲಿ ‘ಭೂಮಿ’ ಯೋಜನೆಯಿಂದ ರೈತನಿಗಿಂತ ದೊಡ್ಡ ಜಮೀನು ಖರೀದಿದಾರರಿಗೆ ಅನುಕೂಲವಾಯಿತು ಎಂದು ಸಂಶೋಧಕ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಎತ್ತಿದ ಆಕ್ಷೇಪವೂ ತೂಕದ್ದೇ. ಅಪರಿಚಿತರು ಕುಳಿತಲ್ಲೇ ಒಬ್ಬರ ಆಸ್ತಿ, ಸಾಲ, ಪಾಲುದಾರರನ್ನು ನೋಡಬಹುದಾದಾಗ ಬಡವರ ಅಡಚಣೆ ಯಾರಿಗೆ ಮೊದಲು ಗೊತ್ತಾಗುತ್ತದೆ ಎಂಬುದನ್ನು ಕೇಳಲೇಬೇಕು.

ಮಾಹಿತಿ ಹಕ್ಕಿನಲ್ಲಿ ಕರ್ನಾಟಕ 2000ದಲ್ಲೇ ತನ್ನದೇ ಕಾಯಿದೆ ಮಾಡಿತ್ತು. 2005ರಲ್ಲಿ ಕೇಂದ್ರ ಕಾಯಿದೆ ಬಂತು. ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಎತ್ತಿಹಿಡಿದ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಮಾಹಿತಿ ಹಕ್ಕು ಕಾಯಿದೆಯ 8(1)(ಜೆ) ವಿಧಿಯನ್ನು ತಿದ್ದಿ, ವೈಯಕ್ತಿಕ ಮಾಹಿತಿಯನ್ನು ನಿರಾಕರಿಸುವ ಅವಕಾಶವನ್ನು ಹಿಗ್ಗಿಸಿತು. ಸಾರ್ವಜನಿಕ ಹಿತ ಮೇಲಾದರೆ ಮಾಹಿತಿ ಕೊಡಬಹುದೆಂಬ 8(2)ನೆಯ ವಿಧಿ ಉಳಿದಿದೆ. ನಕಲಿ ಮಂಜೂರಾತಿ ಹಿಡಿಯಲು ಫಲಾನುಭವಿಗಳ ಹೆಸರು ಕೇಳುವವರಿಗೆ ಈಗ ಇದೊಂದೇ ಹಿಡಿಕೆ.

ತಾಲ್ಲೂಕು ಕಚೇರಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ‘ಭೂ ಸುರಕ್ಷಾ’ ಕೆಲಸ 2024ರಲ್ಲಿ ಆರಂಭವಾಯಿತು. ಪುಟ ಹರಿದುಹಾಕುವುದಕ್ಕೂ ಹೆಸರು ತಿದ್ದುವುದಕ್ಕೂ ಇದರಿಂದ ತಡೆ ಬೀಳುತ್ತದೆ. ಆದರೆ ಕೈಬರಹದ ಪುಟದ ಚಿತ್ರದಲ್ಲಿ ಹೆಸರು ಕೊಟ್ಟು ಹುಡುಕಲು ಬರುವುದಿಲ್ಲ. ಅದಕ್ಕೆ ಯಾರಾದರೂ ಕೂತು ಓದಿ ಹೆಸರಿನ ಸೂಚಿ ಮಾಡಬೇಕು. ಮೋಡಿ, ಉರ್ದು ಮತ್ತು ಶ್ಯಾನುಭೋಗರ ಕೂಡಿಬರಹವನ್ನು ಸರಾಗವಾಗಿ ಓದಬಲ್ಲವರು ಬಹುತೇಕ ವಯಸ್ಸಾದವರು. ಅವರ ಕೈಕೆಳಗೆ ಕಿರಿಯರನ್ನು ತರಬೇತಿಗೆ ಕೂರಿಸುವ ಕೆಲಸ ಸ್ಕ್ಯಾನಿಂಗಿನಷ್ಟೇ ತುರ್ತಿನದು.