ಹಿಂದಿನ ಬೆಂಚಿನ ಪ್ರಶ್ನೆ

ನೀರಿನ ಅಣುವಿನಲ್ಲಿ ಆಮ್ಲಜನಕವು ಎಲೆಕ್ಟ್ರಾನುಗಳನ್ನು ತನ್ನತ್ತ ಎಳೆದುಕೊಳ್ಳುತ್ತದೆ, ಆದ್ದರಿಂದ ನೀರು ಧ್ರುವೀಯ ಎಂದು ಹತ್ತನೇ ತರಗತಿಯಲ್ಲಿ ಮೇಷ್ಟ್ರು ಹೇಳಿದರು. ಹಿಂದಿನ ಬೆಂಚಿನ ನನ್ನ ಗೆಳೆಯ ಎದ್ದು ನಿಂತ. "ಸಾರ್, ಇಂಗಾಲದ ಡೈಆಕ್ಸೈಡಲ್ಲಿ ಎರಡು ಆಮ್ಲಜನಕ ಐತಲ್ಲ, ಅದು ಇನ್ನೂ ಜಾಸ್ತಿ ಧ್ರುವೀಯ ಇರ್ಬೇಕಲ್ವಾ?" ಅಷ್ಟರಲ್ಲಿ ಗಂಟೆ ಹೊಡೆಯಿತು.

ಪಿಯುಸಿಯಲ್ಲಿ ನಾನು ಅವನ ತರ್ಕವನ್ನೇ ಉತ್ತರವಾಗಿ ಬರೆದು ಅಂಕ ಕಳೆದುಕೊಂಡೆ. ಕನ್ನಡ ಮಾಧ್ಯಮದಿಂದ ಬಂದದ್ದಕ್ಕೇ ಹೀಗಾಯಿತೆಂದು ಬಹಳ ದಿನ ನಂಬಿದ್ದೆ. ಆಮೇಲೆ ಓದಿದಾಗ ತಿಳಿಯಿತು, ಇದು ದೊಡ್ಡ ದೊಡ್ಡವರು ಅಳೆದು ನೋಡಿ ಬಿಡಿಸಿದ ಒಗಟು.

ಸ್ವೀಡನ್ನಿನ ಬರ್ಜೀಲಿಯಸ್ 19ನೇ ಶತಮಾನದ ಆರಂಭದಲ್ಲೇ ಧಾತುಗಳನ್ನು ವಿದ್ಯುತ್ ಧನ, ವಿದ್ಯುತ್ ಋಣ ಎಂದು ಸಾಲಾಗಿ ಜೋಡಿಸಿದ್ದರು. 1912ರಲ್ಲಿ ಡಚ್ ವಿಜ್ಞಾನಿ ಪೀಟರ್ ಡಿಬೈ, ಕೆಲವು ಅಣುಗಳಿಗೆ ಶಾಶ್ವತವಾದ ಧನ, ಋಣ ತುದಿಗಳಿವೆ ಎಂದು ಹೇಳಿ ಅದನ್ನು ಅಳೆಯುವ ದಾರಿ ತೋರಿಸಿದರು. ಅಳೆದರೆ ನೀರಿನದು ಸುಮಾರು 1.85 ಡಿಬೈ. ಇಂಗಾಲದ ಡೈಆಕ್ಸೈಡಿನದು ಸೊನ್ನೆ!

ಎಳೆತಕ್ಕೆ ಅಂಕಿ ಕೊಟ್ಟವರು ಅಮೆರಿಕದ ಲೈನಸ್ ಪಾಲಿಂಗ್, 1932ರಲ್ಲಿ. ಆಗ ಅವರಿಗೆ 31 ವರ್ಷ, ಈಗಿನ ನನಗಿಂತ ಚಿಕ್ಕವರು. ಅವರ ಉಪಾಯ ನೋಡಿ: ಒಂದು ಮೋಲ್ ಜಲಜನಕದ ಬಂಧ ಮುರಿಯಲು ಸುಮಾರು 436 ಕಿಲೋಜೌಲ್ ಬೇಕು, ಫ್ಲೋರಿನ್‌ಗೆ ಸುಮಾರು 158. ಸರಾಸರಿ 297. ಆದರೆ ಜಲಜನಕ ಮತ್ತು ಫ್ಲೋರಿನ್ ನಡುವಿನ ಬಂಧಕ್ಕೆ 565ರ ಆಸುಪಾಸು ಬೇಕು. ಈ ಹೆಚ್ಚುವರಿ ಬಂದದ್ದು ಎಲೆಕ್ಟ್ರಾನುಗಳ ಹಂಚಿಕೆ ಸಮವಾಗಿಲ್ಲದ್ದರಿಂದ ಎಂದರು ಪಾಲಿಂಗ್. ಅದರಿಂದಲೇ ವಿದ್ಯುದೃಣತ್ವದ ಪಟ್ಟಿ ಕಟ್ಟಿದರು. ಇಂದಿನ ಪಟ್ಟಿಯಲ್ಲಿ ಫ್ಲೋರಿನ್ 3.98, ಆಮ್ಲಜನಕ 3.44, ಇಂಗಾಲ 2.55, ಜಲಜನಕ 2.20.

ಅಂದರೆ ಗೆಳೆಯ ಅರ್ಧ ಸರಿಯಿದ್ದ. ಇಂಗಾಲ, ಆಮ್ಲಜನಕದ ಒಂದೊಂದು ಬಂಧವೂ ಧ್ರುವೀಯವೇ. ಆದರೆ ಆ ಮೂರು ಪರಮಾಣು ಒಂದೇ ಗೆರೆಯಲ್ಲಿವೆ. ನಮ್ಮ ಶಾಲೆಯ ಮೈದಾನದ ಹಗ್ಗಜಗ್ಗಾಟದಲ್ಲಿ ಎರಡು ಕಡೆಯೂ ಸಮಬಲವಿದ್ದರೆ ನಡುವಿನ ಗಂಟು ಅಲುಗುವುದಿಲ್ಲವಲ್ಲ, ಹಾಗೆ. ನೀರಿನ ಅಣು ಮಾತ್ರ ಸುಮಾರು 104.5 ಡಿಗ್ರಿಗೆ ಬಾಗಿದೆ. ಅಲ್ಲಿ ಎಳೆತಗಳು ವಜಾ ಆಗುವುದಿಲ್ಲ.

ಹತ್ತನೆಯದಕ್ಕೇ ಓದು ಬಿಟ್ಟ ಆ ಗೆಳೆಯ ಈಗ ಊರಲ್ಲಿ ಸೋಡಾ ಅಂಗಡಿ ಇಟ್ಟಿದ್ದಾನೆ. ಮೊನ್ನೆ ಹೋದಾಗ ಲೆಕ್ಕದ ಚೀಟಿಯ ಹಿಂದೆ ಬರೆದು ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ನೋಡಿ, ಒಂದು ಗೋಲಿ ಸೋಡಾ ಒಡೆದು ಕೈಗಿತ್ತ.

"ಹಂಗಾರೆ ಗ್ಯಾಸಿಗೂ ನೀರಿಗೂ ಅಷ್ಟು ಸರಿ ಹೋಗಲ್ಲ ಅನ್ನು. ಅದ್ಕೇನಾ ನಾನು ಪ್ರೆಶರ್ ಕೊಟ್ಟು ತುಂಬೋದು?"