ಅಗ್ಗದ ಬೇಸ್ ಗಿಟಾರ್ ಹಿಂದಿನ ದುಬಾರಿ ಇತಿಹಾಸ

ಹೊಸದಾಗಿ ಬೇಸ್ ಗಿಟಾರ್ ಕಲಿಯೋಕೆ ಹೊರಟವರು ನನ್ನ ಹತ್ತಿರ ಬಂದರೆ ಪ್ರಶ್ನೆ ಹೆಚ್ಚು ಕಡಿಮೆ ಒಂದೇ. "ಸ್ಕ್ವಯರ್ ಅಫಿನಿಟಿ ತಗೊಳ್ಳೋದಾ, ಇನ್ನೊಂದಿಷ್ಟು ದುಡ್ಡು ಕೂಡಿಸಿ ಕ್ಲಾಸಿಕ್ ವೈಬ್ ತಗೊಳ್ಳೋದಾ? ಇಲ್ಲಾ ಇಬಾನೆಜ್, ಯಮಹಾ ಕಡೆ ನೋಡೋದಾ?" ಉತ್ತರ ಹೇಳ್ತೀನಿ. ಆದರೆ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಈ ಹೆಸರುಗಳ ನಡುವಿನ ಬೆಲೆಯ ಅಂತರದಲ್ಲಿ ಸಂಗೀತದ ಪಾಲು ಕಡಿಮೆ. ಡಾಲರ್ ಮತ್ತು ಯೆನ್ ಲೆಕ್ಕ, ಕಾರ್ಖಾನೆಯ ಕೂಲಿ, ಇವುಗಳ ಪಾಲೇ ಜಾಸ್ತಿ.

ಬೇಸ್ ಅಂದರೆ ಯಾವ ಸದ್ದು ಅಂತ ಗೊತ್ತಿಲ್ಲದವರು 1981ರ 'ಗೀತಾ' ಚಿತ್ರದ ಹಾಡುಗಳನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ. ಇಳಯರಾಜ ಅವರ ಸಂಗೀತ. ಗಾಯಕರ ಕೆಳಗೆ ಇನ್ನೊಂದು ದಪ್ಪ ದನಿ ತನ್ನದೇ ದಾರಿಯಲ್ಲಿ ನಡೆಯುತ್ತಿರುತ್ತೆ ನೋಡಿ, ಅದು.

ಈ ವಾದ್ಯವನ್ನು ಮಾರುಕಟ್ಟೆಗೆ ಗಟ್ಟಿಯಾಗಿ ತಂದವರು ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನ ಲಿಯೋ ಫೆಂಡರ್, 1951ರಲ್ಲಿ. ಅದಕ್ಕೂ ಮುಂಚೆ ಆಳೆತ್ತರದ ಡಬಲ್ ಬೇಸ್ ಇತ್ತು. ಅದಕ್ಕೆ ಫ್ರೆಟ್ ಇರಲಿಲ್ಲ, ಸ್ವರದ ಜಾಗವನ್ನು ಬೆರಳೇ ಹುಡುಕಬೇಕು. ವೀಣೆಗೆ ಮೆಟ್ಟಿಲುಗಳಿರುವ ಹಾಗೆ ಫೆಂಡರ್ ಇದಕ್ಕೆ ಫ್ರೆಟ್ ಕೂರಿಸಿದರು. ಸ್ವರ ನಿಖರವಾಗಿ ಬರುತ್ತೆ ಅಂತಲೇ ಪ್ರಿಸಿಷನ್ ಬೇಸ್ ಅಂತ ಹೆಸರಿಟ್ಟರು. ಫೆಂಡರ್ ರೇಡಿಯೋ ರಿಪೇರಿ ಅಂಗಡಿ ನಡೆಸಿದವರು. ಅವರಿಗೆ ಗಿಟಾರ್ ನುಡಿಸೋಕೇ ಬರುತ್ತಿರಲಿಲ್ಲ! ಹಾಗಾಗಿ ಯೋಚನೆಯೂ ಮೆಕ್ಯಾನಿಕ್ ಥರದ್ದು. ಬಾಡಿ ಬೇರೆ, ನೆಕ್ ಬೇರೆ, ನಾಲ್ಕು ಸ್ಕ್ರೂ ಹಾಕಿ ಬಿಗಿದರೆ ಆಯಿತು. ಪಿಟೀಲು ಮಾಡುವವರ ಕೈಚಳಕ ಬೇಡ. ಮರ ಕೊರೆಯುವ ಯಂತ್ರ ಇದ್ದ ಯಾವ ಕಾರ್ಖಾನೆಯೂ ಇದನ್ನು ಮಾಡಬಹುದಿತ್ತು. ಮುಂದೆ ಆಗಿದ್ದೆಲ್ಲ ಈ ನಾಲ್ಕು ಸ್ಕ್ರೂಗಳಿಂದ ಅಂತ ನಾನು ನಂಬ್ತೀನಿ.

1965ರ ಜನವರಿಯಲ್ಲಿ ಸಿಬಿಎಸ್ ಎಂಬ ದೊಡ್ಡ ಪ್ರಸಾರ ಸಂಸ್ಥೆ 1.3 ಕೋಟಿ ಡಾಲರ್‌ಗೆ ಫೆಂಡರ್ ಕಂಪನಿಯನ್ನು ಕೊಂಡಿತು. ಅದೇ ವರ್ಷ ಮಿಚಿಗನ್‌ನ ಹಳೆಯ ತಂತಿ ತಯಾರಕ ವಿ. ಸಿ. ಸ್ಕ್ವಯರ್ ಕಂಪನಿಯೂ ಫೆಂಡರ್ ತೆಕ್ಕೆಗೆ ಬಂತು. ಆಗ ಆ ಹೆಸರಿಗೆ ಅಂಥ ಬೆಲೆ ಏನೂ ಇರಲಿಲ್ಲ. ಎಪ್ಪತ್ತರ ದಶಕದಲ್ಲಿ ಅಮೆರಿಕದ ಫೆಂಡರ್‌ಗಳ ಗುಣಮಟ್ಟ ಇಳಿಯುತ್ತಾ ಹೋಯಿತು. ಅದೇ ಹೊತ್ತಿಗೆ ಜಪಾನಿನ ಟೊಕಾಯ್, ಗ್ರೆಕೊ, ಫರ್ನಾಂಡಿಸ್ ಕಂಪನಿಗಳು ಹಳೆಯ ಫೆಂಡರ್‌ಗಳನ್ನೇ ಮುಂದಿಟ್ಟುಕೊಂಡು ನಕಲು ಮಾಡಿದವು, ಅದೂ ಬಹಳ ಚೆನ್ನಾಗಿ ಮಾಡಿದವು. ಅಸಲಿಗಿಂತ ನಕಲೇ ವಾಸಿ ಅನ್ನುವ ಮಾತು ಬಂದಾಗ ಅಸಲಿ ಕಂಪನಿಗೆ ಎಚ್ಚರವಾಯಿತು.

1982ರಲ್ಲಿ ಫೆಂಡರ್ ತಾನೇ ಜಪಾನಿಗೆ ಹೋಯಿತು. ಕಾಂಡಾ ಶೋಕಾಯ್, ಯಮಾನೋ ಗಕ್ಕಿ ಎಂಬ ವ್ಯಾಪಾರಿಗಳ ಜೊತೆ ಸೇರಿ ಫೆಂಡರ್ ಜಪಾನ್ ಕಟ್ಟಿತು. ತಯಾರಿಕೆ ಮಾತ್ಸುಮೊಟೊ ಊರಿನ ಫುಜಿಜೆನ್ ಕಾರ್ಖಾನೆಯಲ್ಲಿ. ಯುರೋಪಿನಲ್ಲಿ ಜಪಾನಿ ನಕಲುಗಳಿಗೆ ಎದುರು ನಿಲ್ಲೋಕೆ ಕಡಿಮೆ ಬೆಲೆಯ ಒಂದು ಹೆಸರು ಬೇಕಿತ್ತು. ಧೂಳು ಹಿಡಿದಿದ್ದ ತಂತಿ ಕಂಪನಿಯ ಹೆಸರನ್ನು ತೆಗೆದು ತಲೆಯ ಮೇಲೆ ಬರೆದರು: ಸ್ಕ್ವಯರ್. ಜೆವಿ ಅಕ್ಷರಗಳಿಂದ ಶುರುವಾಗುವ ಕ್ರಮಸಂಖ್ಯೆಯ ಆ ಮೊದಲ ಬೇಸ್‌ಗಳನ್ನು ಇವತ್ತು ಸಂಗ್ರಹಕಾರರು ಹುಡುಕಿಕೊಂಡು ಹೋಗ್ತಾರೆ. ಅಗ್ಗದ ಮಾಲು ಅಂತ ಹುಟ್ಟಿದ್ದು ಅದು!

ಹಾಗಿದ್ದರೆ ಸ್ಕ್ವಯರ್ ಅಂದರೆ ಕಳಪೆ ಅನ್ನುವ ಮಾತು ಎಲ್ಲಿಂದ ಬಂತು? 1985ರಿಂದ. ಆ ವರ್ಷ ಬಿಲ್ ಶುಲ್ಟ್ಸ್ ಮತ್ತು ಸಂಗಡಿಗರು 1.25 ಕೋಟಿ ಡಾಲರ್‌ಗೆ ಫೆಂಡರ್ ಅನ್ನು ಸಿಬಿಎಸ್‌ನಿಂದ ಬಿಡಿಸಿಕೊಂಡರು. ಹೆಸರು ಸಿಕ್ಕಿತು, ಫುಲ್ಲರ್ಟನ್ ಕಾರ್ಖಾನೆ ಸಿಗಲಿಲ್ಲ. ಜಪಾನನ್ನೇ ನೆಚ್ಚಿಕೊಳ್ಳಬೇಕಾದ ಹೊತ್ತಿಗೇ ನ್ಯೂಯಾರ್ಕ್‌ನ ಪ್ಲಾಜಾ ಹೋಟೆಲ್‌ನಲ್ಲಿ ಐದು ದೇಶಗಳು ಡಾಲರ್ ಮೌಲ್ಯ ಇಳಿಸುವ ಒಪ್ಪಂದ ಮಾಡಿಕೊಂಡವು. ಡಾಲರ್‌ಗೆ 240 ಯೆನ್ ಹತ್ತಿರ ಇದ್ದದ್ದು 1988ರ ಹೊತ್ತಿಗೆ 130ರ ಆಸುಪಾಸಿಗೆ ಬಂತು. ಜಪಾನಿನಲ್ಲಿ ಅಗ್ಗದ ಗಿಟಾರ್ ಮಾಡೋದು ಇನ್ನು ಸಾಧ್ಯವೇ ಇರಲಿಲ್ಲ. ಸ್ಕ್ವಯರ್ ಕೊರಿಯಾಕ್ಕೆ ಹೋಯಿತು. ಎಂಬತ್ತರ ದಶಕದ ಕೊನೆಗೆ ಸ್ಕ್ವಯರ್ 2 ಅಂತ ಇನ್ನೂ ಅಗ್ಗದ ಸರಣಿ ಬಂತು. ಅದರಲ್ಲಿ ಕೆಲವು ತಯಾರಾಗಿದ್ದು ನಮ್ಮ ಭಾರತದಲ್ಲೇ. ಆ ಕಾಲದ ಅಗ್ಗದ ಸರಣಿಗಳಲ್ಲಿ ಪ್ಲೈವುಡ್ ಬಾಡಿ ಸಾಮಾನ್ಯ. ಕೆಟ್ಟ ಹೆಸರು ಅಂಟಿಕೊಂಡಿದ್ದು ಅಲ್ಲಿ. ತಯಾರಿಕೆ ಮುಂದೆ ಚೀನಾ, ಇಂಡೋನೇಷ್ಯಾ ಹೀಗೆ ದೇಶ ಬದಲಿಸಿದರೂ ಆ ಹೆಸರು ಜೊತೆಗೇ ಹೋಯಿತು.

ಕೊರಿಯಾದ್ದು ಬೇರೆಯೇ ಕಥೆ. ಕಾರ್ಟ್ ಕಂಪನಿ ತನ್ನ ಹೆಸರಿನ ಗಿಟಾರ್ ಅಲ್ಲದೆ ಇಬಾನೆಜ್, ಸ್ಕ್ವಯರ್ ಹೆಸರಿನವನ್ನೂ ಮಾಡಿಕೊಟ್ಟಿದೆ. 2007ರಲ್ಲಿ ಅದು ಕೆಲಸವನ್ನು ಇಂಡೋನೇಷ್ಯಾ, ಚೀನಾ ಕಡೆ ಸಾಗಿಸಿ ಕೊರಿಯಾದ ಕಾರ್ಖಾನೆಗಳಿಂದ ಕಾರ್ಮಿಕರನ್ನು ಹೊರಹಾಕಿತು. ಅವರು ಬೀದಿಗಿಳಿದರು, ಉಪವಾಸ ಕೂತರು, ತಾವೇ ಒಂದು ಬ್ಯಾಂಡ್ ಕಟ್ಟಿ ನುಡಿಸಿದರು. ಹೋರಾಟ ಮುಗಿದಿದ್ದು 2019ರಲ್ಲಿ, ಹನ್ನೆರಡು ವರ್ಷದ ನಂತರ. ನಮ್ಮ ಕೈಗೆ ಅಗ್ಗವಾಗಿ ಬರುವ ವಾದ್ಯದ ಬೆಲೆಯಲ್ಲಿ ಇದೂ ಸೇರಿದೆ.

ಸರಿ, ಪ್ರಶ್ನೆಗೆ ಬರೋಣ. ಇವತ್ತು ಬಾಡಿ ಮತ್ತು ನೆಕ್ ಕೊರೆಯೋದು ಕಂಪ್ಯೂಟರ್ ಯಂತ್ರ. ಅಗ್ಗದ್ದಕ್ಕೂ ಸ್ವಲ್ಪ ದುಬಾರಿಯದ್ದಕ್ಕೂ ಆಕಾರದಲ್ಲಿ ವ್ಯತ್ಯಾಸ ಅಷ್ಟಕ್ಕಷ್ಟೆ. ಯಂತ್ರದ ನಂತರ ಮನುಷ್ಯನ ಕೈ ಎಷ್ಟು ಹೊತ್ತು ಅದರ ಮೇಲಿತ್ತು ಅನ್ನುವುದರಲ್ಲಿ ವ್ಯತ್ಯಾಸ ಇದೆ. ಅಫಿನಿಟಿಗೆ ಅಗ್ಗದ ಸೆರಾಮಿಕ್ ಪಿಕಪ್. ಕ್ಲಾಸಿಕ್ ವೈಬ್‌ಗೆ ಹಳೆಯ ಫೆಂಡರ್ ದನಿಗೆ ಹತ್ತಿರವಾದ ಆಲ್ನಿಕೊ. ಆದರೆ ನಾನು ಹೆಚ್ಚಿನ ದುಡ್ಡು ಕೊಡೋದು ಪಿಕಪ್‌ಗೆ ಅಲ್ಲ, ಅದನ್ನು ಆಮೇಲೆ ಬದಲಾಯಿಸಬಹುದು. ಫ್ರೆಟ್ ತುದಿ ಉಜ್ಜಿದ ರೀತಿಗೆ, ನೆಕ್ ನೇರವಾಗಿರೋದಕ್ಕೆ ಕೊಡ್ತೀನಿ. ಇಬಾನೆಜ್ ಜಿಎಸ್‌ಆರ್ 200ರ ನೆಕ್ ತೆಳು, ಪುಟ್ಟ ಕೈಯವರಿಗೆ ಹಿತ. ಬ್ಯಾಟರಿಯಿಂದ ನಡೆಯುವ ಬೇಸ್ ಬೂಸ್ಟ್ ಗುಂಡಿ ಮಾತ್ರ ಮನೆಯಲ್ಲಿ ಅಭ್ಯಾಸಕ್ಕೆ ನನಗೆ ಅನಗತ್ಯ ಅನ್ನಿಸುತ್ತೆ. ಯಮಹಾ ಟಿಆರ್‌ಬಿಎಕ್ಸ್ 174ರಲ್ಲಿ ಆ ಥಳಕು ಇಲ್ಲ. ಯಮಹಾಗೆ ಇಂಡೋನೇಷ್ಯಾದಲ್ಲಿ ಸ್ವಂತ ಕಾರ್ಖಾನೆ ಇದೆ. ಕಣ್ಣು ಮುಚ್ಚಿ ಒಂದನ್ನು ತರಿಸಿಕೊಳ್ಳಬೇಕು ಅಂದರೆ ನಾನು ಅದನ್ನೇ ಹೇಳೋದು. ಅಂಗಡಿಗೆ ಹೋಗಿ ನೋಡಿ ತರೋದಾದರೆ, ಒಳ್ಳೆಯ ನೆಕ್ ಇರುವ ಅಫಿನಿಟಿ ಆರಿಸಿ, ಉಳಿದ ದುಡ್ಡನ್ನು ಹೊಸ ತಂತಿಗೆ, ಬಲ್ಲವರ ಕೈಲಿ ಸೆಟಪ್ ಮಾಡಿಸೋದಕ್ಕೆ ಇಡಿ. ಕ್ಲಾಸಿಕ್ ವೈಬ್ ಒಂದೆರಡು ವರ್ಷ ನುಡಿಸಿದವರಿಗೆ.

ಅಂಗಡಿಯಲ್ಲಿ ನೆಕ್‌ನ ಅಂಚಿನ ಮೇಲೆ ಹೆಬ್ಬೆರಳು ಎಳೆದು ನೋಡಿ. ಚುಚ್ಚಿದರೆ ಬೇಡ. ತೇವದ ಹವೆಯಲ್ಲಿ ಮಾಡಿದ ಗಿಟಾರ್ ಕಲಬುರಗಿಯ ಏಪ್ರಿಲ್ ಬಿಸಿಲಿಗೆ ಬಂದರೆ ಮರ ಕುಗ್ಗಿ, ಫ್ರೆಟ್ ತುದಿ ಇನ್ನಷ್ಟು ಹೊರಗೆ ಬರುತ್ತೆ. ಪ್ರತಿ ತಂತಿಯನ್ನೂ ಪ್ರತಿ ಫ್ರೆಟ್‌ನಲ್ಲಿ ಒತ್ತಿ ನುಡಿಸಿ, ಎಲ್ಲಾದರೂ ಝರ್ ಅಂತ ಕೇಳುತ್ತಾ ಗಮನಿಸಿ. ಇನ್ನು ಎಲ್ಲಾದರೂ ಹಳೆ ಸಾಮಾನಿನ ನಡುವೆ ಮೇಡ್ ಇನ್ ಇಂಡಿಯಾ ಅಂತ ಬರೆದ ಸ್ಕ್ವಯರ್ 2 ಕಣ್ಣಿಗೆ ಬಿದ್ದರೆ ಫೋಟೋ ತೆಗೆದು ನನಗೆ ಕಳಿಸಿ. ಕೊಳ್ಳೋದಾದರೆ ಅದಕ್ಕೂ ಮೊದಲು ಹೆಬ್ಬೆರಳ ಪರೀಕ್ಷೆಯೇ.